ಅರ್ಧ ಗಂಟೆ ತಡವಾದ ಸೆಂಟು

ನಮ್ಮೂರಿನಲ್ಲಿ ಮನುಷ್ಯ ಬರುವ ಅರ್ಧ ಗಂಟೆ ಮೊದಲು ಅವನ ವಾಸನೆ ಬರುತ್ತದೆ. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ ಎನ್ನುತ್ತಾರೆ ನಮ್ಮ ಪತ್ರಿಕೆಯ ಸಂಪಾದಕ ಗುರುಶಾಂತಪ್ಪನವರು. ಬೆಳಿಗ್ಗೆ ಸೂರ್ಯ ಹುಟ್ಟಿದ ಎಂದು ಯಾರಾದರೂ ಸುದ್ದಿ ಮಾಡುತ್ತಾರೆಯೇ ಎಂಬುದು ಅವರ ವಾದ. ಆದರೆ ಇದನ್ನು ಬೇರೆ ಊರಿನವರೂ ಓದಬಹುದಾದ್ದರಿಂದ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ.

ಬೀಗರ ವಾಸನೆ ಬಂದರೆ ನಮ್ಮಲ್ಲಿ ಹೆಂಗಸರು ಬಾಣಲೆ ಇಡುತ್ತಾರೆ. ವಿಮೆ ಏಜೆಂಟನ ವಾಸನೆ ಬಂದರೆ ಗಂಡಸರು ಚಪ್ಪಲಿ ಹುಡುಕುತ್ತಾರೆ. ಹೊರಟವರು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಹಿಂದಿರುಗಿದರೆ ಅದು ದೊಡ್ಡ ಅವಮಾನ. ‘ಬರೀ ವಾಸನೆ ಕಳಿಸಿದ’ ಎಂದು ಆಡಿಕೊಳ್ಳುತ್ತಾರೆ, ಮಾತು ಬಿಡುತ್ತಾರೆ. ಪಕ್ಕದ ಮನೆಯವರ ವಿಷಯ ಸ್ವಲ್ಪ ತೊಡಕಿನದು. ಅವರ ಮನೆಗೆ ಹೋಗಬೇಕೆಂದು ನಾವು ಅಂದುಕೊಳ್ಳುವ ಮುಂಚೆಯೇ ನಮ್ಮ ವಾಸನೆ ಹೋಗಿರುತ್ತದೆ. ಅವರು ಗೋಡೆಯಾಚೆಯಿಂದ ‘ಯಾವಾಗ ಬರ್ತೀರಿ, ಹಾಲು ಕಾಯಿಸಿಟ್ಟಿದೀನಿ’ ಎಂದು ಕೂಗುತ್ತಾರೆ. ಆಗ ನಮಗೆ ಹೋಗಬೇಕೆನ್ನಿಸುತ್ತದೆ. ಊರಿನ ಯಾವ ಮನೆಗೂ ಕರೆಗಂಟೆ ಇಲ್ಲ, ಬಾಗಿಲು ತಟ್ಟುವ ಅಭ್ಯಾಸವೂ ಇಲ್ಲ. ಪ್ರತಿ ಮನೆಗೂ ಎರಡು ಬಾಗಿಲು ಮಾತ್ರ ಇವೆ: ಬರುವವರಿಗೆ ಮುಂದಿನದು, ಬರುವವರನ್ನು ನೋಡಲಿಷ್ಟವಿಲ್ಲದವರಿಗೆ ಹಿಂದಿನದು.

ಇಂಥ ಊರಿನಲ್ಲಿ ವರದಿಗಾರನಾಗಿರುವುದು ಅಷ್ಟೇನೂ ಸುಖದ ಕೆಲಸವಲ್ಲ. ನಾನು ಹೋದ ಕಚೇರಿಯೆಲ್ಲ ಗುಡಿಸಿ ಒರೆಸಿ ಚೊಕ್ಕಟವಾಗಿರುತ್ತದೆ. ಫೈಲುಗಳು ತೆರೆದಿರುತ್ತವೆ, ಕನ್ನಡಕಗಳು ಮೂಗಿನ ಮೇಲಿರುತ್ತವೆ. ಗುಮಾಸ್ತನೊಬ್ಬ ಆಕಳಿಸುವುದನ್ನು ನಾನು ಈವರೆಗೆ ಕಣ್ಣಾರೆ ಕಂಡಿಲ್ಲ. ಹೀಗಾಗಿ ನನಗೆ ಗ್ರಾಹಕರ ದೂರಿನ ಅಂಕಣ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ಕೊಂಡ ಮಿಕ್ಸಿ ತಿರುಗಲಿಲ್ಲ, ಸೀರೆಯ ಬಣ್ಣ ಫೋಟೊದಲ್ಲಿದ್ದುದಲ್ಲ, ಇಂಥವು. ‘ಅತಿ ಕಡಿಮೆ ಬೆಲೆ ಕಂಡರೆ ಮೊದಲು ಅನುಮಾನಿಸಿ’ ಎಂಬ ವಾಕ್ಯವನ್ನು ನಾನು ಆ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆಂದರೆ, ಅಕ್ಷರ ಜೋಡಿಸುವವರು ಅದನ್ನು ಒಂದು ಮೂಲೆಯಲ್ಲಿ ಸಿದ್ಧವಾಗಿಯೇ ಇಟ್ಟುಕೊಂಡಿದ್ದಾರೆ.

ನನ್ನ ತಂಗಿ ಮಾಲಿನಿಯ ಮದುವೆ ಗೊತ್ತಾದಾಗ ಅಮ್ಮನ ಮುಂದೆ ಒಂದೇ ಸಮಸ್ಯೆ ಉಳಿದಿತ್ತು. ಅದು ಅವಳ ಅಕ್ಕ, ನನ್ನ ದೊಡ್ಡಮ್ಮ ಕನಕಾಂಬ. ನಮ್ಮ ಕಡೆ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವವಳು ತಾಯಿಯ ಅಕ್ಕ. ಅವಳನ್ನು ಫೋನಿನಲ್ಲಿ ಕರೆಯುವಂತಿಲ್ಲ, ಬೇರೆಯವರ ಕೈಲಿ ಹೇಳಿಕಳಿಸುವಂತಿಲ್ಲ. ಮನೆಗೆ ಹೋಗಿ, ಹಣೆಗೆ ಕುಂಕುಮವಿಟ್ಟು, ಕಾಗದವನ್ನು ಅವಳ ಕೈಯಲ್ಲೇ ಇಡಬೇಕು. ಆದರೆ ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಒಂದು ಹಬ್ಬದ ದಿನ ಅಮ್ಮ ಅಕ್ಕನ ಮನೆಗೆ ಹೋಗಿದ್ದಳು. ಮನೆಯೆಲ್ಲ ತುಪ್ಪದ, ಹುರಿದ ರವೆಯ ಘಮ. ಎದುರಿಗೆ ಬಂದದ್ದು ಬರೀ ಕಾಫಿ. ತಲೆಯೆತ್ತಿ ನೋಡಿದರೆ ಉಂಡೆಯ ಡಬ್ಬಿ ಅಟ್ಟದ ಮೇಲೆ, ಅದರ ಕೆಳಗೆ ಆಗಷ್ಟೇ ಹತ್ತಿ ಇಳಿದ ಮಣೆ. ‘ನನ್ನ ವಾಸನೆ ಬಂದಕೂಡ್ಲೆ ಡಬ್ಬಿಗೆ ರೆಕ್ಕೆ ಬಂತಾ ಅಕ್ಕ?’ ಎಂದು ಕೇಳಿ, ಕಾಫಿ ಮುಟ್ಟದೆ ಅಮ್ಮ ಎದ್ದು ಬಂದಳು. ಆಮೇಲೆ ಅವಳೇ ಸೋತು ಎಷ್ಟೋ ಸಲ ಹೋದದ್ದುಂಟು. ಪ್ರತಿ ಸಲವೂ ದೊಡ್ಡಪ್ಪ ಒಬ್ಬರೇ ಜಗುಲಿಯಲ್ಲಿ ಕೂತು, ‘ಅಂಬುಜ, ನಿಮ್ಮಕ್ಕ ಈಗ ತಾನೇ ಹೊರಗಡೆ ಹೋದ್ಲು ಕಣಮ್ಮ’ ಎನ್ನುತ್ತಿದ್ದರು. ಅವರ ಹಿಂದೆ, ನಡುಮನೆಯಾಚೆ, ಹಿತ್ತಿಲ ಬಾಗಿಲು ಇನ್ನೂ ಅಲ್ಲಾಡುತ್ತಿರುತ್ತಿತ್ತು.

ಮದುವೆಯ ಕಾಗದ ಅಚ್ಚಾಗಿ ಬಂದ ಮೇಲೂ ಅಮ್ಮ ಎರಡು ಸಲ ಹೋಗಿ ಎರಡು ಸಲವೂ ಅಲ್ಲಾಡುವ ಬಾಗಿಲು ನೋಡಿ ಬಂದಳು. ಮೂರನೆಯ ದಿನ ನಾನು ಊಟಕ್ಕೆ ಕೂತಿದ್ದಾಗ ಕೇಳಿದಳು.

“ಲೋ ಕರುಣ, ನಿಮ್ಮ ದೊಡ್ಡಮ್ಮ ಯಾರ ವಾಸನೆ ಬಂದ್ರೆ ಮನೇಲೇ ಇರ್ತಾಳೆ ಹೇಳು?”

“ಹೈಮವತಿ ಡಾಕ್ಟರದ್ದು.”

ಇದು ಊರಿಗೇ ಗೊತ್ತಿದ್ದ ವಿಷಯ. ಡಾಕ್ಟರ್ ಹೈಮವತಿ ಮನೆಮನೆಗೆ ಹೋಗಿ ಬಿ.ಪಿ. ನೋಡುತ್ತಾರೆ. ಊರಿನಲ್ಲಿ ಸೆಂಟು ಹಾಕುವವರು ಅವರೊಬ್ಬರೇ. ನಮ್ಮಲ್ಲಿ ಸೆಂಟು ಹಾಕುವುದೆಂದರೆ ಬೇರೆಯವರ ಸಹಿ ಹಾಕಿದ ಹಾಗೆ. ಯಾವ ಅಂಗಡಿಯವರೂ ಮಾರುವುದಿಲ್ಲ. ಡಾಕ್ಟರಿಗೆ ಮಾತ್ರ ಊರು ವಿನಾಯಿತಿ ಕೊಟ್ಟಿದೆ, ಏಕೆಂದರೆ ಆ ಘಾಟು ಸೆಂಟು ಬಂದ ಕೂಡಲೇ ಎಲ್ಲರೂ ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ ಒಳಗಿಟ್ಟು ಸಜ್ಜಾಗಲು ಅನುಕೂಲ. ದೊಡ್ಡಮ್ಮನಿಗಂತೂ ತನ್ನ ಮಂಡಿನೋವನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವರು ಡಾಕ್ಟರೊಬ್ಬರೇ.

“ಹಾಗಾದ್ರೆ ಆ ಸೆಂಟು ತರಿಸು” ಎಂದಳು ಅಮ್ಮ.

“ಅಮ್ಮಾ, ಅದು ತಪ್ಪು.”

“ಏನು ತಪ್ಪು? ಅವಳ ಆಸ್ತಿ ಬರೆಸ್ಕೊಳ್ಳೋಕೆ ಹೋಗ್ತಿದೀನಾ? ಕುಂಕುಮ ಇಡೋಕೆ ತಾನೆ.”

ಮಾರನೆಯ ದಿನ ಅವಳು ಇಲ್ಲದ ಸೊಂಟನೋವು ಹೇಳಿಕೊಂಡು ಡಾಕ್ಟರ ಮನೆಗೆ ಹೋಗಿ ಬಾಟಲಿ ನೋಡಿ ಬಂದಳು. ಅದಕ್ಕೆ ನಮ್ಮ ನಾಲಿಗೆ ಹೊರಳದ ಯಾವುದೋ ಹೆಸರಿತ್ತು. ಅಮ್ಮ ಅದನ್ನು ‘ಡಾಕ್ಟರ್ ನೀರು’ ಎಂದಳು. ಚೌಕ ಬಾಟಲಿ, ಹುಲ್ಲಿನ ಬಣ್ಣದ ನೀರು, ನಿಂಬೆ ಸಿಪ್ಪೆಯ ಜೊತೆಗೆ ಮಲ್ಲಿಗೆ ಎಂದು ಗುರುತು ಹೇಳಿದಳು. ನಾನು ಫೋನಿನಲ್ಲಿ ಹುಡುಕಿದೆ. ನಿಜವಾದ ಬೆಲೆಯ ಸೊನ್ನೆಗಳನ್ನು ಅಮ್ಮ ಬೆರಳಿಟ್ಟು ಎಣಿಸಿದಳು. ಇನ್ನಷ್ಟು ಕೆಳಗೆ ಅದೇ ಬಾಟಲಿ, ಅದೇ ಹೆಸರು, ಕಾಲು ಭಾಗದ ಬೆಲೆಗೆ ಇತ್ತು. ‘ಇನ್ನು ಎರಡೇ ಉಳಿದಿವೆ’ ಎಂದು ಕೆಂಪಕ್ಷರ ಮಿನುಗುತ್ತಿತ್ತು. ಮೂಲೆಯಲ್ಲಿ ಸಿದ್ಧವಾಗಿಟ್ಟಿರುವ ನನ್ನ ವಾಕ್ಯ ಆ ಹೊತ್ತಿಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೂ ಬಟನ್ ಒತ್ತಿದೆ.

ಪಾರ್ಸೆಲ್ ತಂದ ಮುನೀರ್ ಸಾಹೇಬರು ನಮ್ಮೂರಿಗೆ ಹಳಬರು. ಅವರ ರಟ್ಟಿನ, ಅಂಟುಪಟ್ಟಿಯ ವಾಸನೆ ಬಂದಾಗಿನಿಂದ ಅಮ್ಮ ಹೊಸಿಲ ಮೇಲೆಯೇ ನಿಂತಿದ್ದಳು. ಡಬ್ಬಿ ಒಡೆದೆವು. ಹೊರಗಿನ ಪ್ಲಾಸ್ಟಿಕ್ ಹಾಳೆಯನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ್ದು ಕಾಣುತ್ತಿತ್ತು. ಬಾಟಲಿ ಚೌಕ, ಮುಚ್ಚಳ ದುಂಡು. ಡಬ್ಬಿಯ ಮೇಲಿನ ಬ್ಯಾಚ್ ನಂಬರಿಗೂ ಬಾಟಲಿಯ ತಳದ ನಂಬರಿಗೂ ಸಂಬಂಧವಿರಲಿಲ್ಲ. ತಯಾರಾದ ದಿನಾಂಕವನ್ನು ಯಾರೋ ಶ್ರದ್ಧೆಯಿಂದ ಉಜ್ಜಿ ಅಳಿಸಿದ್ದರು. ಆದರೆ ಒಳಮಡಿಕೆಯಲ್ಲೂ ಒಂದು ದಿನಾಂಕ ಇರುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ. ಅದರ ಪ್ರಕಾರ ಈ ಸೆಂಟು ತಯಾರಾದಾಗ ನಮ್ಮ ಮದುಮಗಳು ಮೂರನೇ ಕ್ಲಾಸಿನಲ್ಲಿದ್ದಳು. ನೀರಿನ ಬಣ್ಣ ಹೆಚ್ಚು ಕುದಿಸಿದ ಟೀಯದು.

ಅಮ್ಮ ಮಣಿಕಟ್ಟಿಗೆ ಒಮ್ಮೆ ಪುಸ್ ಎನ್ನಿಸಿ ಮೂಸಿದಳು. ಮೊದಲು ಇಂಜೆಕ್ಷನ್ ಚುಚ್ಚುವ ಮುಂಚೆ ಹಚ್ಚುವ ಹತ್ತಿಯ ವಾಸನೆ, ಆಮೇಲೆ ನುಸಿಗುಳಿಗೆ, ಎಲ್ಲಕ್ಕೂ ಹಿಂದೆ ಯಾವುದೋ ಒಣಗಿದ ಹೂವು.

“ಇದೇನೋ ಇದು, ಟ್ರಂಕು ತೆಗೆದ ಹಾಗಿದೆ! ಈ ವಾಸನೆಗೆ ನಿಮ್ಮ ದೊಡ್ಡಮ್ಮ ಮನೇಲಿ ಇರೋದು ಹಾಗಿರಲಿ, ಊರೇ ಬಿಟ್ಟು ಹೋಗ್ತಾಳೆ.”

ಹಳೆಯದೋ ನಕಲಿಯೋ ಎಂದು ನಾನು ಯೋಚಿಸಿದೆ. ಸಿಕ್ಕ ಆಧಾರಗಳ ಪ್ರಕಾರ ಎರಡೂ ಆಗಿತ್ತು. ಅಂಕಣ ಬರೆಯುವವನೇ ಮೋಸಹೋದದ್ದನ್ನು ಯಾರಿಗೂ ಹೇಳದೆ, ಗ್ರಾಹಕ ಸೇವೆಗೆ ಫೋನ್ ಮಾಡಿದೆ.

“ಕರುಣಾಕರ್ ಸರ್, ನಿಮ್ಮ ಭಾವನೆ ನಮಗೆ ಅರ್ಥ ಆಗತ್ತೆ” ಎಂದಿತು ಒಂದು ಹೆಣ್ಣುದನಿ.

“ಭಾವನೆ ಅಲ್ಲಮ್ಮ, ಮುಚ್ಚಳದ ವಿಷಯ. ಬಾಟಲಿ ಚೌಕ ಇದೆ, ಮುಚ್ಚಳ ದುಂಡಗಿದೆ.”

“ಪರಿಮಳ ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನಿಸಬಹುದು ಸರ್.”

“ಡಬ್ಬಿ ಮೇಲೆ ಒಂದು ನಂಬರು, ಬಾಟಲಿ ಮೇಲೆ ಇನ್ನೊಂದು. ಇದೂ ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನಿಸತ್ತಾ?”

“ಪ್ಯಾಕ್ ಒಡೆಯುವಾಗ ವಿಡಿಯೊ ಮಾಡಿದೀರಾ ಸರ್?” ಎಂದಳು.

“ಇಲ್ಲ.”

“ಹಾಗಾದ್ರೆ ಇನ್ನೊಂದ್ಸಲ ಒಡೆದು ಮಾಡಿ ಕಳಿಸ್ತೀರಾ ಸರ್?”

ದೂರು ದಾಖಲಾಯಿತು. ಪರಿಶೀಲಿಸಿ ತಿಳಿಸುತ್ತೇವೆ ಎಂದರು. ನಾನು ಕಚೇರಿಗೆ ಹೋದೆ, ಊಟದ ಡಬ್ಬಿ ಮನೆಯಲ್ಲೇ ಮರೆತು.

ಆ ಮಧ್ಯಾಹ್ನ ಕಚೇರಿಯಲ್ಲಿ ನಡೆದದ್ದು ನಮ್ಮೂರಿನ ಇತಿಹಾಸದಲ್ಲಿ ಮೊದಲನೆಯದು ಎಂದು ಗುರುಶಾಂತಪ್ಪನವರು ಈಗಲೂ ಹೇಳುತ್ತಾರೆ. ನಾನು ಅಷ್ಟು ಖಚಿತವಾಗಿ ಹೇಳಲಾರೆ, ದಾಖಲೆ ಇಲ್ಲ. ನಡೆದದ್ದು ಇಷ್ಟು. ಸಂಪಾದಕರು ಬನಿಯನ್ನಿನಲ್ಲಿ ಕೂತು, ಒಂದು ಕಾಲನ್ನು ಮೇಜಿನ ಮೇಲಿಟ್ಟು, ಸಂಪಾದಕೀಯ ಪುಟದ ಕರಡಿನ ಮೇಲೆ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿದ್ದೆ. ಯಾವ ವಾಸನೆಯೂ ಬಂದಿರಲಿಲ್ಲ. ಒಮ್ಮೆಲೇ ಬಾಗಿಲಲ್ಲಿ ಅಮ್ಮನ ದನಿ.

“ಡಬ್ಬಿ ಬಿಟ್ಟು ಬಂದಿದೀಯಲ್ಲೋ.”

ಗುರುಶಾಂತಪ್ಪನವರು ಕೂಗಿದ ಕೂಗು ಮುದ್ರಣಶಾಲೆಯವರಿಗೂ ಕೇಳಿಸಿತು. ಅಂಗಿಗೆ ಕೈ ಹಾಕಲು ಹೋಗಿ ಮೇಜಿನ ಮೇಲಿನ ಬಟ್ಟೆ ಎಳೆದು ಮೈಗೆ ಸುತ್ತಿಕೊಂಡರು. “ಅಮ್ಮಾ... ನೀವು... ಹೇಗೆ ಬಂದ್ರಿ?”

“ನಡಕೊಂಡು” ಎಂದಳು ಅಮ್ಮ. ಅವಳಿಗೂ ಆಶ್ಚರ್ಯ. ಬನಿಯನ್ನಿನಲ್ಲಿ ಅವಳು ಕಂಡ ಮೊದಲ ಸಂಪಾದಕರು ಇವರು.

ಅವಳು ಡಬ್ಬಿ ಇಟ್ಟು ಹೊರಟುಹೋದಳು. ನಾನು ಉಂಡು ಕೈ ತೊಳೆಯುತ್ತಿದ್ದಾಗ ಟ್ರಂಕಿನ ವಾಸನೆ ಬಂತು. ಗುರುಶಾಂತಪ್ಪನವರು ಗಡಬಡಿಸಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಪೆನ್ನು ಹಿಡಿದು ಕೂತರು. ಯಾರೂ ಬರಲಿಲ್ಲ. ಬರಬೇಕಾದವಳು ಆಗಲೇ ಬಂದು ಹೋಗಿದ್ದಳು.

ಸಂಜೆ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ವಯಸ್ಸಾಗಿದೆ ಪಾಪ ಇದಕ್ಕೆ. ಮುಂದೆ ಓಡೋಕಾಗಲ್ಲ. ಹಿಂದೆ ಹಿಂದೆ ಬರತ್ತೆ” ಎಂದಳು. ಅವಳ ಸ್ವಂತ ವಾಸನೆ, ಅಂದರೆ ಹರಳೆಣ್ಣೆ, ಮೆಂತ್ಯ ಮತ್ತು ಒಣಗಿದ ಮರುಗ, ಅದೂ ಈ ಮುದಿ ಸೆಂಟಿನ ಜೊತೆಯೇ ಹಿಂದುಳಿದಿತ್ತು.

ನಾನು ಒಂದೇ ಮೂಲವನ್ನು ನಂಬಿ ಬರೆಯುವವನಲ್ಲ. ಎರಡನೇ ಮೂಲವಾಗಲು ಗುರುಶಾಂತಪ್ಪನವರೇ ಮುಂದೆ ಬಂದರು. “ಇಂಥ ವಸ್ತು ಪತ್ರಿಕೆಗೆ ಸಿಗೋದು ಜನ್ಮಕ್ಕೊಂದ್ಸಲ ಕಣಯ್ಯ. ಪುರಸಭೆ ಎಂಜಿನಿಯರ್ ಮಧ್ಯಾಹ್ನ ಏನು ಮಾಡ್ತಾನೆ ಅಂತ ನೋಡೇಬಿಡೋಣ” ಎಂದು ಕತ್ತಿನ ಸುತ್ತ ಹಾಕಿಸಿಕೊಂಡು ಹೋದರು. ವಾಸನೆಯಿಲ್ಲದೆ ಪುರಸಭೆಯ ಒಳಹೊಕ್ಕರು. ಎಂಜಿನಿಯರ್ ಚರಂಡಿಯ ನಕ್ಷೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ದಾರ ಹಿಡಿದು ಅಳೆಯುತ್ತಿದ್ದ. ಗುಮಾಸ್ತರು ಬೆವರು ಸುರಿಸಿ ಬರೆಯುತ್ತಿದ್ದರು. ಸಂಪಾದಕರನ್ನು ಕಂಡ ಕೂಡಲೇ ಎಲ್ಲರೂ ಗಾಬರಿಯಾಗಿ ನಕ್ಷೆ ಸುತ್ತಿಟ್ಟು, ಟೀ ತರಿಸಿದರು. “ಸುದ್ದಿ ಇಲ್ಲ” ಎಂದು ಗುರುಶಾಂತಪ್ಪನವರು ಮುಖ ಸಪ್ಪೆ ಮಾಡಿಕೊಂಡು ಬಂದರು. ಅವರು ಬಂದ ಎಷ್ಟೋ ಹೊತ್ತಿನ ಮೇಲೆ ಪುರಸಭೆಯಿಂದ ಫೋನ್ ಬಂತು, ಯಾರೋ ಟ್ರಂಕು ತರುತ್ತಿರುವಂತಿದೆ, ನೀವು ಕಳಿಸಿದ್ದಾ ಎಂದು. ಎರಡನೇ ಮೂಲವೂ ಖಚಿತವಾಯಿತು.

ಅಮ್ಮ ಮಾರನೆಯ ದಿನವೇ ಹೋಗುವುದೆಂದು ತೀರ್ಮಾನಿಸಿದಳು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ, ಕಾಗದ. ತಟ್ಟೆ ಹಿಡಿಯಲು ನಾನು. ನನ್ನ ವಾಸನೆ ಮುಂದೆ ಹೋದರೂ ಕೆಲಸ ಕೆಟ್ಟಂತೆಯೇ ಆದ್ದರಿಂದ ನನಗೂ ಬೆನ್ನಿಗೆ, ಕಂಕುಳಿಗೆ ಪುಸ್ ಪುಸ್ ಎನ್ನಿಸಿದಳು. ದಾರಿಯುದ್ದಕ್ಕೂ ಅವಳು ಸೆರಗು ಸರಿಮಾಡಿಕೊಂಡು, ಏನು ಹೇಳಬೇಕೆಂದು ಗುಣುಗುಣು ಅಭ್ಯಾಸ ಮಾಡುತ್ತಿದ್ದಳು. “ಅಕ್ಕ, ಹಳೇದೆಲ್ಲ ಬಿಡು... ಬೇಡ. ಅಕ್ಕ, ಮಗು ಮದುವೆ... ಅದೂ ಬೇಡ. ಲೋ, ನೀನು ಬರೆಯೋನಲ್ವಾ, ಏನಾದ್ರೂ ಹೇಳಿಕೊಡೋ.” ನಾನು ಬರೆಯುವುದು ಮಿಕ್ಸಿಗಳ ಬಗ್ಗೆ.

ದೊಡ್ಡಮ್ಮನ ಮನೆಯ ಮುಂಬಾಗಿಲು ತೆರೆದಿತ್ತು. ಹೊಸಿಲಿನ ತನಕ ಹೋಗಿ ಇಬ್ಬರೂ ನಿಂತುಬಿಟ್ಟೆವು. ಹೇಳದೆ ಬಂದವರು ಆಮೇಲೆ ಏನು ಮಾಡಬೇಕೆಂಬ ಪದ್ಧತಿ ನಮ್ಮೂರಿನಲ್ಲಿ ಇಲ್ಲವಲ್ಲ. ಕೂಗುವುದೇ, ಕೆಮ್ಮುವುದೇ, ನೇರ ಹೋಗಿಬಿಡುವುದೇ ಗೊತ್ತಾಗಲಿಲ್ಲ. ಒಳಗಿನಿಂದ ದೊಡ್ಡಮ್ಮನ ದನಿ ಕೇಳಿಸುತ್ತಿತ್ತು. ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದಳು.

“ನೋಡಿದ್ಯಾ, ನಂಗೆ ಚೌಕ! ಇನ್ನೊಂದ್ಸಲ ನಂದೇ. ನೀನು ಮುಖ ಊದಿಸ್ಕೊಂಡ್ರೆ ಕವಡೆ ಕೇಳತ್ತಾ? ತಗೋ, ನಿನ್ನ ಕಾಯಿ ಹೊಡೆದೆ. ಹೋಗು, ಮೊದಲಿಂದ ಬಾ.”

ನಡುಮನೆಯಲ್ಲಿ ಅವಳೊಬ್ಬಳೇ ಇದ್ದಳು. ಬಣ್ಣ ಕಾಣದ ಬಿಳಿ ಕೂದಲು ಬಿಚ್ಚಿತ್ತು, ರವಿಕೆಗೆ ಪಿನ್ನು. ಸುತ್ತಮುತ್ತ ಒಗೆದ ಬಟ್ಟೆಯ ರಾಶಿ, ಸಿಪ್ಪೆ ಸುಲಿದ ಬೆಳ್ಳುಳ್ಳಿ, ನಿನ್ನೆಯ ಪೇಪರು, ಅಂದರೆ ನಮ್ಮದೇ. ಅವಳ ಮುಂದೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ. ಅವಳ ಕಡೆ ಹುಣಸೆಬೀಜ, ಎದುರುಗಡೆ ಹಸಿರು ಬಳೆಚೂರು. ಎದುರಿನ ಮಣೆಯ ಮೇಲೆ ಯಾರೂ ಇರಲಿಲ್ಲ.

ಅವಳು ಕವಡೆ ಆಯ್ದುಕೊಂಡು, ಎದುರಿನವಳ ಪರವಾಗಿ ಕುಲುಕಿ ಹಾಕಿದಳು. “ಎರಡು! ಅಯ್ಯೋ ಪಾಪ ಅಂಬಿ, ನಿನ್ನ ಹಣೆಬರಹವೇ ಇಷ್ಟು.”

ನಾನು ಅಮ್ಮನ ಮುಖ ನೋಡಿದೆ. ದಾರಿಯಲ್ಲಿ ಅಭ್ಯಾಸ ಮಾಡಿದ್ದೆಲ್ಲ ಆ ಮುಖದಿಂದ ಹಾರಿಹೋಗಿತ್ತು. ಅವಳು ಕವಡೆಗಳನ್ನೇ ನೋಡುತ್ತಿದ್ದಳು.

“ಅದು ಮೂರು” ಎಂದಳು ಅಮ್ಮ.

ದೊಡ್ಡಮ್ಮ ತಲೆಯೆತ್ತಿದಳು. ಕಿರುಚಲಿಲ್ಲ, ಏಳಲಿಲ್ಲ. ಮತ್ತೆ ಕವಡೆ ನೋಡಿದಳು.

“ಎರಡು.”

“ಮೂರು. ಒಂದು ಬಟ್ಟೆಗೆ ಒರಗಿದೆ ನೋಡು.”

“ಒರಗಿದ್ದು ಲೆಕ್ಕಕ್ಕಿಲ್ಲ.”

“ಯಾವಾಗಿಂದ?”

“ಅಮ್ಮ ಇದ್ದಾಗಿಂದ.”

“ಅಮ್ಮ ಇದ್ದಾಗ್ಲೂ ನೀನು ಹಿಂಗೇ ಅನ್ಯಾಯ ಆಡ್ತಿದ್ದೆ” ಎನ್ನುತ್ತ ಅಮ್ಮ ಹೋಗಿ ಆ ಖಾಲಿ ಮಣೆಯ ಮೇಲೆ ಕೂತು, ಬಳೆಚೂರನ್ನು ಮೂರು ಮನೆ ನಡೆಸಿದಳು. ಅಲ್ಲಿದ್ದ ಒಂದು ಹುಣಸೆಬೀಜ ಸತ್ತುಹೋಯಿತು.

ಆಗ ದೊಡ್ಡಮ್ಮನಿಗೆ ಎಚ್ಚರವಾಯಿತು. ಕೂದಲಿಗೆ ಕೈ ಹೋಯಿತು, ಅಲ್ಲಿಂದ ಪಿನ್ನಿಗೆ, ಅಲ್ಲಿಂದ ಬಟ್ಟೆಯ ರಾಶಿಗೆ. ಯಾವುದನ್ನು ಮೊದಲು ಮುಚ್ಚಬೇಕೆಂದು ತಿಳಿಯದೆ ಬೆಳ್ಳುಳ್ಳಿಯ ತಟ್ಟೆಯ ಮೇಲೆ ಪೇಪರು ಹಾಕಿದಳು. “ನೀನು ಹೇಗೆ ಬಂದ್ಯೇ? ನಂಗೆ ವಾಸನೇನೇ ಬರ್ಲಿಲ್ವಲ್ಲ! ಅಯ್ಯೋ, ನನ್ನ ಮೂಗು ಹೋಯ್ತೇನೇ?” ಬೆಳ್ಳುಳ್ಳಿಯ ಒಂದು ಎಸಳನ್ನು ಎತ್ತಿ ಗಾಬರಿಯಿಂದ ಮೂಸಿ ನೋಡಿದಳು.

“ನಿನ್ನ ಮೂಗಿಗೇನೂ ಆಗಿಲ್ಲ. ಹಾಕು, ಆಟ ನಿಂದು.”

ನಾನು ತಟ್ಟೆ ಹಿಡಿದುಕೊಂಡೇ ಗೋಡೆಗೊರಗಿ ಕೂತೆ. ನನ್ನನ್ನು ಯಾರೂ ಗಮನಿಸಲಿಲ್ಲ. ಆಟ ಬಿರುಸಾಯಿತು. ಒಬ್ಬರ ಕಾಯಿ ಇನ್ನೊಬ್ಬರು ಹೊಡೆದಾಗಲೆಲ್ಲ ಹನ್ನೊಂದು ವರ್ಷದ ಒಂದೊಂದು ಸಂಗತಿ ಹೊರಬರುತ್ತಿತ್ತು. ಯಾರು ಯಾರ ಮನೆಯ ಹಬ್ಬಕ್ಕೆ ಬರಲಿಲ್ಲ, ಯಾರಿಗೆ ಟೈಫಾಯ್ಡ್ ಆದಾಗ ಯಾರು ಬರೀ ವಾಸನೆ ಕಳಿಸಿದರು. ಕೊನೆಗೆ ಡಬ್ಬಿಯ ಸರದಿ ಬಂತು.

“ಕಲ್ಲಾಗಿತ್ತು ಕಣೇ” ಎಂದಳು ದೊಡ್ಡಮ್ಮ ಕವಡೆ ಕುಲುಕುತ್ತ, ತಲೆಯೆತ್ತದೆ. “ಪಾಕ ಏರಿಬಿಟ್ಟಿತ್ತು. ನಿಮ್ಮ ಭಾವ ಒಂದು ಕಚ್ಚಿ ಹಲ್ಲು ಅಲ್ಲಾಡಿಸ್ಕೊಂಡ್ರು. ಅಷ್ಟೊತ್ತಿಗೆ ನಿನ್ನ ವಾಸನೆ ಬಂತು. ನೀನು ಬೇರೆ ಉಂಡೆ ಕಟ್ಟೋದ್ರಲ್ಲಿ ಪ್ರಚಂಡೆ. ನಿನ್ನ ಮುಂದೆ ಅದನ್ನ ಹೇಗೆ ಇಡ್ಲಿ?”

“ಅಷ್ಟು ಹೇಳೋಕೆ ಹನ್ನೊಂದು ವರ್ಷ ಹಿತ್ತಲಲ್ಲಿ ಓಡಿದ್ಯಾ?”

“ನಿನ್ನ ಮಾತು ನೆಟ್ಟಗಿತ್ತಾ? ಡಬ್ಬಿಗೆ ರೆಕ್ಕೆ ಬಂತಾ ಅಂದೆ.”

ಅಮ್ಮ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ದೊಡ್ಡಮ್ಮನಿಗೂ ನಗು ಬಂತು. ಅಷ್ಟರಲ್ಲಿ ಅವಳ ಮೂಗು ಅರಳಿತು. ಕವಡೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

“ಯಾರೋ ಬರ್ತಿದಾರೆ ಕಣೇ. ಯಾರಪ್ಪ ಇದು? ಯಾವುದೋ ಮುದುಕಿ, ಟ್ರಂಕಿಂದ ಎದ್ದು ಬಂದ ಹಾಗಿದೆ.” ಅಭ್ಯಾಸಬಲದಿಂದ ಅವಳು ಅರ್ಧ ಎದ್ದು ಹಿತ್ತಿಲ ಕಡೆ ನೋಡಿದಳು. “ಜೊತೆಗೆ ಮರುಗ... ಇದು ನೀನಲ್ವೇನೇ?”

“ನಾನೇ.”

“ನೀನು ಬಂದಾಗಿದೆಯಲ್ಲ?”

“ಬಂದಾಗಿದೆ. ಕೂತ್ಕೋ.”

ಅವಳು ಕೂರಲಿಲ್ಲ. ನನ್ನ ಕಡೆ ತಿರುಗಿದಳು. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಡಾಕ್ಟರ ಸೆಂಟಿನಿಂದ ಹಿಡಿದು ದುಂಡು ಮುಚ್ಚಳದವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಅವಳ ಮುಖ ಬಿಗಿಯಾಯಿತು.

“ಇನ್ನೊಬ್ಬರ ವಾಸನೆ ಹಚ್ಕೊಂಡು, ಕಳ್ಳಿ ಥರ, ನಾನು ಹೀಗಿರೋವಾಗ ಬಂದ್ಯಾ?”

“ಅಕ್ಕ, ಮಗುಗೆ ಅರಿಶಿನ...” ಅಮ್ಮ ಕುಂಕುಮದ ಬಟ್ಟಲಿಗೆ ಕೈ ಹಾಕಿದಳು.

ದೊಡ್ಡಮ್ಮ ಹಣೆ ಹಿಂದಕ್ಕೆಳೆದುಕೊಂಡಳು. “ಬೇಡ. ಹೀಗೆ ಬಂದು ಕರೆದ್ರೆ ಕರೆದ ಹಾಗಲ್ಲ. ಕರೆಯೋದಾದ್ರೆ ನಿನ್ನ ವಾಸನೇಲಿ ಬಂದು ಕರಿ.”

“ಬಂದ್ರೆ ನೀನಿರ್ತೀಯಾ?”

ದೊಡ್ಡಮ್ಮ ಕವಡೆಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿಕೊಂಡು, ಚೀಲದ ದಾರ ಬಿಗಿದಳು. ನಾವು ತಟ್ಟೆಯ ಸಮೇತ ಹಿಂದಿರುಗಿದೆವು.

ಮರುದಿನ ಬೆಳಿಗ್ಗೆ ಫೋನಿಗೆ ಸಂದೇಶ ಬಂದಿತ್ತು: ನಿಮ್ಮ ದೂರನ್ನು ಪರಿಶೀಲಿಸಲಾಗಿದೆ, ವಸ್ತುವನ್ನು ಇಂದೇ ವಾಪಸ್ ಪಡೆಯಲಾಗುವುದು. ಆಗಲೇ ರಟ್ಟಿನ ವಾಸನೆ ಬಂದಿತ್ತು. ಬಾಟಲಿಯಲ್ಲಿ ತಳಮಟ್ಟ ಉಳಿದಿತ್ತು, ಇಬ್ಬರಿಗೆ ಇನ್ನೊಂದು ಸಲಕ್ಕೆ ಸಾಕು.

“ಅಮ್ಮ, ಇನ್ನೊಂದ್ಸಲ ಹಾಕ್ಕೊಂಡು ಹೋಗಿಬಿಡೋಣ. ಮಾತಿಗೆ ನಿಲ್ಲೋದೇ ಬೇಡ. ಒಳಗೆ ಹೋಗ್ತಿದ್ದ ಹಾಗೇ ಹಣೆಗೆ ಕುಂಕುಮ, ಕೈಗೆ ಕಾಗದ. ದೂರು ವಾಪಸ್ ತಗೊಳ್ತೀನಿ” ಎಂದೆ. ನಾನು ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು ಹೇಳಿದ್ದು ಅದೇ ಮೊದಲು.

ಅಮ್ಮ ತಲೆಗೆ ಹರಳೆಣ್ಣೆ ತಟ್ಟಿಕೊಳ್ಳುತ್ತಿದ್ದಳು. “ಕೊಟ್ಟು ಕಳಿಸು” ಎಂದಳು.

“ಅವಳು ಹಿತ್ತಿಲ ಬಾಗಿಲಲ್ಲಿ ಓಡಿದ್ರೆ?”

“ಓಡಿದ್ರೆ ಓಡ್ಲಿ. ಅವಳನ್ನ ಕರೀಬೇಕು ಕಣೋ, ಹಿಡೀಬಾರ್ದು.”

ಮುನೀರ್ ಸಾಹೇಬರು ಬಾಟಲಿಯನ್ನು ಮೂಸಿ ನೋಡಿ, “ಇದನ್ನ ಮತ್ತೆ ಯಾವ ಊರಿಗೆ ಮಾರ್ತಾರೋ” ಎಂದು ಚೀಲಕ್ಕೆ ಹಾಕಿಕೊಂಡರು. ಅಮ್ಮ ಸೀಗೆಪುಡಿ ಹಾಕಿ ತಲೆಯುಜ್ಜಿ ಸ್ನಾನ ಮಾಡಿದಳು. ಟ್ರಂಕಿನ ಎಳೆಯೂ ಉಳಿದಿಲ್ಲವೆಂದು ನನ್ನಿಂದ ಮೂಸಿಸಿ ಖಾತ್ರಿ ಮಾಡಿಕೊಂಡಳು. ಮರುಗ ಮುಡಿದಳು. ಹೊರಟೆವು. ಈ ಸಲ ಅವಳು ದಾರಿಯಲ್ಲಿ ಏನೂ ಅಭ್ಯಾಸ ಮಾಡಲಿಲ್ಲ. ಅವಳ ವಾಸನೆ ಆಗಲೇ ಅಲ್ಲಿ ತಲುಪಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಏನು ನಡೆದಿದೆಯೋ ಅದು ನಡೆದಾಗಿದೆ.

ನಾವು ಹೋಗುವ ದಾರಿಯಲ್ಲಿ ದೊಡ್ಡಮ್ಮನ ಮನೆಯ ಹಿಂಭಾಗವೇ ಮೊದಲು ಕಾಣುವುದು. ಹಿತ್ತಿಲ ಬಾಗಿಲು ಈ ಸಲ ಅಲ್ಲಾಡುತ್ತಿರಲಿಲ್ಲ. ಹೊರಗಡೆಯಿಂದ ಅದಕ್ಕೆ ಬೀಗ ಬಿದ್ದಿತ್ತು. ಅಮ್ಮ ನಿಂತು ಅದನ್ನು ನೋಡಿದಳು. ಹೊರಗಿನಿಂದ ಬೀಗ ಹಾಕಿದೆಯೆಂದರೆ ಎರಡು ಅರ್ಥ ಸಾಧ್ಯ: ಮನೆಯವಳು ಬೀಗ ಹಾಕಿ ಎತ್ತಲೋ ಹೋಗಿದ್ದಾಳೆ, ಅಥವಾ ಬೀಗ ಹಾಕಿ ಸುತ್ತಿ ಬಳಸಿ ಮುಂಬಾಗಿಲಿಗೆ ಬಂದಿದ್ದಾಳೆ. ಯಾವುದಕ್ಕೂ ನನ್ನ ಕೈಯಲ್ಲಿ ಆಧಾರವಿರಲಿಲ್ಲ. ಅಮ್ಮನ ನಡಿಗೆ ನಿಧಾನವಾಯಿತು.

ಮೂಲೆ ತಿರುಗಿದೆವು. ದೊಡ್ಡಮ್ಮ ಜಗುಲಿಯ ಮೇಲೆ ಕೂತಿದ್ದಳು. ಬಿಳಿ ಕೂದಲನ್ನು ಬಣ್ಣ ಹಚ್ಚದೆ ಹಾಗೇ ಗಂಟು ಹಾಕಿಕೊಂಡಿದ್ದಳು, ರವಿಕೆಗೆ ಅದೇ ಪಿನ್ನು. ಸೊಂಟದಲ್ಲಿ ಬೀಗದ ಕೈ. ಮುಂದೆ ಸೀಮೆಸುಣ್ಣದ ಮನೆ ಬರೆದಾಗಿತ್ತು, ಬಳೆಚೂರು ಹುಣಸೆಬೀಜ ಎದುರುಬದುರಾಗಿದ್ದವು, ಪಕ್ಕದಲ್ಲಿ ಉಂಡೆಯ ಡಬ್ಬಿ ಬಾಯಿ ತೆರೆದು ಕೂತಿತ್ತು. ಅಮ್ಮನನ್ನು ಕಂಡವಳೇ ಅವಳು ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು ಕುಂಕುಮಕ್ಕೆ ಜಾಗ ಮಾಡಿದಳು.

“ಎಷ್ಟು ಹೊತ್ತೇ ನಿಂಗೆ?” ಎಂದು ಗದರಿದಳು. “ಅರ್ಧ ಗಂಟೆಯಿಂದ ಬರ್ತಾನೇ ಇದೀಯ.”